ಎರಡು ಜಗುಲಿಯ ಪೆಟೂನಿಯಾ

ಹೂವಿಗೆ ಪರಿಮಳ ಎಲ್ಲಿಂದ ಬರುತ್ತದೆ ಅನ್ನುವುದರ ಮೇಲೆ ನಾನು ಸಂಶೋಧನೆ ಮಾಡುತ್ತಿದ್ದೇನೆ ಅಂದರೆ ವನಗೂರು ಕಡೆಯ ನಮ್ಮ ನೆಂಟರು ಮೊದಲು ನಗುತ್ತಾರೆ, ಆಮೇಲೆ ಮದುವೆ ಯಾವಾಗ ಅಂತ ಕೇಳುತ್ತಾರೆ. ಎರಡಕ್ಕೂ ನನಗೆ ಮೈ ಉರಿಯುತ್ತದೆ. ಹೂವು ದೇವರು ಕೊಟ್ಟಿದ್ದು, ವಾಸನೆಯೂ ಅವನೇ ಕೊಟ್ಟಿದ್ದು, ಅದರಲ್ಲಿ ಓದುವುದಕ್ಕೆ ಏನಿದೆ ಅಂತ ಅವರ ವಾದ. ಏನಿದೆ ಅಂತ ತೋರಿಸುವ ಅವಕಾಶ ಒಂದು ಸಲ ಸಿಕ್ಕಿತು. 2006ರ ಫೆಬ್ರವರಿ ಕೊನೆ, ಕಾಫಿ ಕುಯ್ಲು ಮುಗಿದು ಜನ ಕಾಫಿ ಅರಳಿಸುವ ಹೂಮಳೆಗಾಗಿ ಆಕಾಶ ನೋಡುತ್ತಿದ್ದ ದಿನಗಳು. ಸಕಲೇಶಪುರದಲ್ಲಿ ಹೆಂಗಸರ ಫಲಪುಷ್ಪ ಪ್ರದರ್ಶನ ನಡೆದಿತ್ತು. ನಿಜ ಹೇಳಬೇಕೆಂದರೆ ಅಲ್ಲಿ ತೋರಿಸಿಕೊಟ್ಟವಳು ನಾನಲ್ಲ. ನಾನು ಬರೀ ಕೂಗಾಡಿದೆ.

ವಿಶಾಲಮ್ಮ ನನ್ನ ಸೋದರತ್ತೆ, ಅಪ್ಪನ ತಂಗಿ. ವನಗೂರಿನಲ್ಲಿ ಸಣ್ಣ ಕಾಫಿ ತೋಟ, ಒಂದಿಷ್ಟು ಏಲಕ್ಕಿ. ಪಕ್ಕದ ತೋಟ ಮಾವನ ಅಣ್ಣನದು. ಆ ಅಣ್ಣನ ಹೆಂಡತಿ ಇಂದ್ರಮ್ಮ. ಓರಗಿತ್ತಿಯರಿಬ್ಬರ ನಡುವೆ ಒಂದು ಬೇಲಿ, ಆ ಕಡೆ ಒಂದು ಈ ಕಡೆ ಒಂದು ನಾಯಿ, ಮತ್ತೆ ಆಸ್ತಿ ಪಾಲಾದ ದಿನದಿಂದ ಉಳಿದುಕೊಂಡ ಮುನಿಸು. ಜಗಳ ಆಡುವುದಿಲ್ಲ. ಮದುವೆ ಮನೆಯಲ್ಲಿ ಸಿಕ್ಕರೆ ನಗುತ್ತಾರೆ, ಒಬ್ಬರ ಸೀರೆಯ ಸೆರಗನ್ನು ಇನ್ನೊಬ್ಬರು ಮುಟ್ಟಿ ನೋಡುತ್ತಾರೆ, ಅಷ್ಟೇ. ಪೈಪೋಟಿಯೆಲ್ಲ ಜಗುಲಿಯ ಹೂಕುಂಡಗಳಲ್ಲಿ.

ನಮ್ಮ ಕಡೆ ಒಂದು ಪದ್ಧತಿ ಇದೆ. ಬೇರೆಯವರ ಮನೆಯ ಹೂಗಿಡ ಬೇಕಾದರೆ ಕೇಳಬಾರದು. ಕೇಳಿ ತಂದ ಕಡ್ಡಿ ಬೇರು ಬಿಡುವುದಿಲ್ಲ, ಕದ್ದು ತಂದದ್ದು ಚೆನ್ನಾಗಿ ಹತ್ತುತ್ತದೆ ಅಂತ ನಂಬಿಕೆ. ಹಾಗಾಗಿ ಹೆಂಗಸರು ಮಾತಾಡಿಸಲು ಬಂದವರು ಹೊರಡುವಾಗ ಜಗುಲಿಯಲ್ಲಿ ಸುಮ್ಮನೆ ಒಂದು ಗಳಿಗೆ ನಿಂತು ಸೆರಗಿನೊಳಗೆ ಒಂದು ಕಡ್ಡಿ ಸೇರಿಸಿಕೊಳ್ಳುತ್ತಾರೆ. ಮನೆಯವಳು ಕಂಡರೂ ಆ ಕಡೆ ತಿರುಗಿಕೊಳ್ಳಬೇಕು. ಯಾರ ಮನೆಯದು ಅಂತ ಕದ್ದವಳು ಬಾಯಿ ಬಿಡಬಾರದು, ಬಿಟ್ಟರೆ ಗಿಡ ಒಣಗಿಹೋಗುತ್ತದೆ. ಓದಿದವಳಾದ ನನಗೆ ಇದು ಶುದ್ಧ ಮೂಢನಂಬಿಕೆ. ಆದರೆ ನನ್ನ ಹಾಸ್ಟೆಲ್ ಕಿಟಕಿಯ ಬಿಗೋನಿಯಾ ಎಲ್ಲಿಂದ ಬಂತು ಅಂತ ದಯವಿಟ್ಟು ಕೇಳಬೇಡಿ.

ಹಿಂದಿನ ವರ್ಷ ಅತ್ತೆಯ ಹಿತ್ತಲಲ್ಲಿ ಒಂದು ಗುಲಾಬಿ ಬಣ್ಣದ ಪೆಟೂನಿಯಾ ಇತ್ತು. ಬೀಜದ ಪೊಟ್ಟಣ ತಂದು ಬೆಳೆಸಿದ್ದು. ಗಿಡದ ತುಂಬ ಹೂವು, ವಾಸನೆ ಮಾತ್ರ ಸೊನ್ನೆ. ಸ್ವಲ್ಪ ದಿನಕ್ಕೆ ಅದರ ಪಕ್ಕ ಇನ್ನೊಂದು ಕುಂಡ ಬಂತು. ಕೆಂಪು ಹೂವು, ಸುತ್ತ ಬಿಳಿ ಅಂಚು. ಅದಕ್ಕೂ ವಾಸನೆ ಇಲ್ಲ. ಎಲ್ಲಿಂದ ಬಂತು ಅಂತ ಅತ್ತೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಎರಡರ ನಡುವೆ ಜೇನು ಓಡಾಡಿರಬೇಕು. ಮಳೆಗಾಲದಲ್ಲಿ ಎರಡೂ ಕೊಳೆತುಹೋದವು. ಮಳೆ ನಿಂತ ಮೇಲೆ ಗುಲಾಬಿ ಬಣ್ಣದ್ದಿದ್ದ ಕುಂಡದಲ್ಲಿ, ಉದುರಿದ ಬೀಜದಿಂದ, ಒಂದೇ ಒಂದು ಸಸಿ ಎದ್ದಿತು. ಜನವರಿಯಲ್ಲಿ ಅದು ನೇರಳೆ ಹೂ ಬಿಟ್ಟಿತು. ಅತ್ತೆ ಕುಂಡವನ್ನು ತಂದು ಜಗುಲಿಯಲ್ಲಿಟ್ಟರು. ಒಂದು ಸಂಜೆ ದೇವರ ದೀಪ ಹಚ್ಚಿ ಹೊರಗೆ ಬಂದಾಗ ಜಗುಲಿಯೆಲ್ಲ ಘಮಘಮ ಅನ್ನುತ್ತಿತ್ತಂತೆ.

"ದೀಪಾ, ಲವಂಗದ ಥರ ಐತೆ ಕಣೆ, ಹಿಂದೇನೇ ಮಲ್ಲಿಗೆ ಥರಾನೂ ಬತ್ತದೆ," ಅಂತ ಫೋನಿನಲ್ಲಿ ಹೇಳಿದರು. "ಇದರ ಅಪ್ಪ ಅಮ್ಮಂಗೆ ಇಲ್ದಿದ್ದು ಇದಕ್ಕೆಲ್ಲಿಂದ ಬಂತೇ?" ನಾನು ಬಂದು ನೋಡಿ ಹೇಳುತ್ತೇನೆ ಅಂದೆ. ಅಷ್ಟರಲ್ಲಿ ಅತ್ತೆ ಅದನ್ನು ಪ್ರದರ್ಶನಕ್ಕೆ ಇಡುವುದೆಂದು ತೀರ್ಮಾನಿಸಿ, ಕಂಡಕಂಡವರಿಗೆಲ್ಲ ಹೇಳಿಕೊಂಡೂ ಆಗಿತ್ತು. ಮನೆಯಲ್ಲೇ ಹುಟ್ಟಿದ ಹೊಸ ಗಿಡಗಳಿಗೆ ಅಲ್ಲಿ ಬೇರೆಯದೇ ಒಂದು ಬಹುಮಾನ. ಅತ್ತೆ ಅಷ್ಟು ವರ್ಷ ಕುಂಡ ಹೊತ್ತುಕೊಂಡು ಹೋಗಿದ್ದರೂ ಒಂದು ಸಮಾಧಾನಕರ ಬಹುಮಾನವನ್ನೂ ಕಂಡವರಲ್ಲ.

ಭಾನುವಾರ ಬೆಳಿಗ್ಗೆ ನಾನು ಬೆಂಗಳೂರಿನ ಬಸ್ಸಿಳಿದು ಸೀದಾ ಪ್ರದರ್ಶನದ ಹಾಲ್‌ಗೆ ಹೋದೆ. ಅತ್ತೆ ಒಳಗಿರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ, ಜನ ಬಿಟ್ಟ ಚಪ್ಪಲಿಗಳ ಪಕ್ಕ, ಕುಂಡವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಉಟ್ಟಿದ್ದು ಮೈಸೂರು ರೇಷ್ಮೆ ಸೀರೆ. ಮಡಿಲೆಲ್ಲ ಮಣ್ಣಾಗಿತ್ತು.

"ಅತ್ತರ್ ಹಾಕ್ಕೊಂಡ್ ಬಂದವಳೆ ಅಂದ್ಬುಟ್ರು ಕಣೆ ನನ್ನ," ಅಂದರು.

ನಡೆದದ್ದು ಇಷ್ಟು. ಕುಂಡಗಳನ್ನು ಹಿಂದಿನ ದಿನವೇ ತಂದುಕೊಡಬೇಕಿತ್ತು. ಅತ್ತೆ ಫಯಾಜನ ಬಾಡಿಗೆ ಜೀಪಿನಲ್ಲಿ ಬಂದು ತಲುಪಿದಾಗ ಸಂಜೆಯ ಮಬ್ಬು. ಪ್ರದರ್ಶನದ ಕಾರ್ಯದರ್ಶಿ ಇಂದ್ರಮ್ಮನೇ. ಕುಂಡ ತೆಗೆದುಕೊಂಡ ಅವರೇ ಮೂಸಿ ನೋಡಿ ಬೆರಗಾಗಿ ಇನ್ನೂ ಇಬ್ಬರನ್ನು ಕರೆದು ಮೂಸಿಸಿದ್ದರು. ಮಾರನೆಯ ಬೆಳಿಗ್ಗೆ ತೀರ್ಪು ಕೊಡಲು ಹಾಸನದಿಂದ ಬಂದವರು ಪಾರ್ವತಮ್ಮ ಮೇಡಂ, ಸಸ್ಯಶಾಸ್ತ್ರದ ನಿವೃತ್ತ ಉಪನ್ಯಾಸಕಿ. ಅವರು ಹೂವಿನೊಳಗೆ ಮೂಗಿಟ್ಟು, ಕನ್ನಡಕ ತೆಗೆದು ಮತ್ತೆ ಮೂಗಿಟ್ಟು, "ಇದರಲ್ಲಿ ಏನೂ ಇಲ್ಲವಲ್ಲ" ಅಂದರು. ಇಂದ್ರಮ್ಮ ಸುಳ್ಳು ಹೇಳಲಿಲ್ಲ. "ನಿನ್ನೆ ಸಾಯಂಕಾಲ ಇತ್ತು, ನಾನೇ ಮೂಸಿದೀನಿ" ಅಂದರು. ನಿನ್ನೆ ಇದ್ದದ್ದು ಇವತ್ತು ಇಲ್ಲ ಅಂದರೆ ಏನರ್ಥ? ಶನಿವಾರ ವಿಶಾಲಮ್ಮ ಪೇಟೆಯಲ್ಲಿ ಬಳೆ, ಪಿನ್ನು, ಅತ್ತರು ಮಾರುವ ಹಾಜಿರಾಳ ಅಂಗಡಿಯಿಂದ ಇಳಿದು ಬರುವುದನ್ನು ಕಂಡೆ ಅಂತ ಯಾರೋ ಹೇಳಿದರು. ಅಲ್ಲಿಗೆ ಮುಗಿಯಿತು. ಕುಂಡವನ್ನು ಮೇಜಿನಿಂದ ಎತ್ತಿಸಿದ ಇಂದ್ರಮ್ಮ, ಅತ್ತರು ಹಾಕಿ ಮೋಸ ಮಾಡಿದ ವಿಶಾಲಮ್ಮನ ಗಿಡ ಇನ್ನು ಮುಂದೆ ತೆಗೆದುಕೊಳ್ಳುವುದಿಲ್ಲ ಅಂತ ಎಲ್ಲರೆದುರು ಮೈಕಿನಲ್ಲೇ ಹೇಳಿಬಿಟ್ಟಿದ್ದರು.

"ಬಹುಮಾನ ಹಾಳಾಗ್ ಹೋಗ್ಲಿ," ಅಂದರು ಅತ್ತೆ. "ಮೋಸ ಮಾಡಿದ್ಲು ಅಂತ ಹೆಸರು ಬಂತಲ್ಲ. ಇನ್ನು ವನಗೂರಲ್ಲಿ ಯಾವ ಮುಖ ಇಟ್ಕೊಂಡು ಓಡಾಡ್ಲಿ ನಾನು."

ನನಗೆ ಸಿಟ್ಟು ನೆತ್ತಿಗೇರಿತು. ಬ್ಯಾಗನ್ನು ಅಲ್ಲೇ ಎಸೆದು ಒಳಗೆ ನುಗ್ಗಿದೆ. ಇಂದ್ರಮ್ಮ ಡೇಲಿಯಾಗಳ ಮಧ್ಯೆ ನಿಂತು ಯಾರಿಗೋ ಕುರ್ಚಿ ಹಾಕಿಸುತ್ತಿದ್ದರು.

"ಇಂದ್ರಮ್ಮತ್ತೆ, ಪೆಟೂನಿಯಾ ಬೆಳಿಗ್ಗೆ ಪರಿಮಳ ಕೊಡೋದಿಲ್ಲ. ಸಾಯಂಕಾಲದ ಮೇಲೆ ಕೊಡುತ್ತೆ."

"ಹೌದಾ," ಅಂದರು ಅವರು. "ಕರೆಂಟಿನ ಥರಾನಾ?"

ಸುತ್ತಲಿದ್ದವರು ನಕ್ಕರು. ನಾನು ಸುಮ್ಮನಾಗುವ ಜಾತಿಯವಳಲ್ಲ. ಹೂವಿನ ಎಸಳೊಳಗೆ ಪರಿಮಳ ತಯಾರಿಸುವ ಜೀನುಗಳಿವೆ, ಅವು ಕೂಲಿಯಾಳುಗಳಿದ್ದ ಹಾಗೆ, ತಾವಾಗೇ ಏಳುವುದಿಲ್ಲ ಅಂದೆ. ಅವುಗಳನ್ನು ಎಬ್ಬಿಸಲು ಇನ್ನೊಂದು ಜೀನ್ ಇದೆ, ಹಿಂದಿನ ವರ್ಷವಷ್ಟೇ ಹೊರದೇಶದಲ್ಲಿ ಅದನ್ನು ಪೆಟೂನಿಯಾದಲ್ಲೇ ಕಂಡುಹಿಡಿದಿದ್ದಾರೆ ಅಂದೆ. ಅದು ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಥರ, ತಾನು ಒಂದು ಬುಟ್ಟಿಯನ್ನೂ ಎತ್ತುವುದಿಲ್ಲ, ಲೈನ್ ಮನೆಗಳ ಮುಂದೆ ನಿಂತು ಆಳುಗಳನ್ನು ಕೂಗುತ್ತದೆ ಅಂದೆ.

"ನಮ್ ರೈಟರ್ ಬೆಳಿಗ್ಗೇನೇ ಕೂಗ್ತಾನಪ್ಪ," ಅಂದಳು ಕೆ. ಹೊಸಕೋಟೆಯ ಗಂಗಾಮಣಿ. ಆಕೆ ಇಡೀ ಆಲೂರು ಕಡೆಯಿಂದ ಕುಂಡ ತಂದ ಒಬ್ಬಳೇ ಹೆಂಗಸು, ನಗುವುದಕ್ಕೆಂದೇ ಬಸ್ಸು ಹತ್ತಿ ಬಂದವಳು.

"ಈ ರೈಟರ್ ಸಾಯಂಕಾಲ ಕೂಗ್ತಾನೆ. ಈ ಪರಿಮಳಕ್ಕೆ ಗಿರಾಕಿ ಅಂದ್ರೆ ಕತ್ತಲಲ್ಲಿ ಹಾರೋ ಪತಂಗ. ಗಿರಾಕಿ ಇಲ್ಲದ ಹೊತ್ತಲ್ಲಿ ಅಂಗಡಿ ತೆಗೆದು ಏನು ಮಾಡಬೇಕು?"

ಪಾರ್ವತಮ್ಮ ಮೇಡಂ ತಲೆಯಾಡಿಸಿದರು. "ಇರಬಹುದು. ಆದರೆ ನಾನು ಮೂಗಿಗೆ ಬಂದದ್ದನ್ನು ನಂಬಬೇಕಷ್ಟೆ. ಸಾಯಂಕಾಲ ಬಂದರೆ ಸಾಯಂಕಾಲ ನಂಬುತ್ತೇನೆ."

ತೊಡಕು ಇದ್ದದ್ದು ಅಲ್ಲೇ. ಬಹುಮಾನ ಹಂಚುವುದು ಇಳಿಹೊತ್ತಿನಲ್ಲಿ, ಅದು ಮುಗಿದ ತಕ್ಷಣ ಎಲ್ಲರೂ ಹೊರಟುಬಿಡುತ್ತಾರೆ. ಆ ವರ್ಷ ಆನೆ ಕಾಟ ಜಾಸ್ತಿ. ವನಗೂರಿನ ಏರು ಹತ್ತುವ ಜೀಪುಗಳು ಬೆಳಕಿರುವಾಗಲೇ ಒಟ್ಟಿಗೆ ಸಾಲು ಹಿಡಿದು ಹೊರಡುತ್ತಿದ್ದವು. ಹೂವು ಬಾಯಿ ತೆರೆಯುವ ಹೊತ್ತಿಗೆ ಹಾಲ್‌ನಲ್ಲಿ ಕೇಳುವವರೇ ಇರುವುದಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಹೊರಗೆ ಬಂದರೆ ಅತ್ತೆ ಜೀಪಿನಿಂದ ಕಂಬಳಿ ತರಿಸಿ ಕುಂಡದ ಮೇಲೆ ಹೊದಿಸಿದ್ದರು.

"ಏನತ್ತೆ ಇದು?"

"ಗಿಡ ಕತ್ಲೆ ಆಯ್ತು ಅಂದ್ಕೊಳ್ಲಿ ಅಂತ."

"ಗಿಡಕ್ಕೆ ಅದರದೇ ಗಡಿಯಾರ ಇದೆ ಅತ್ತೆ. ಕಂಬಳಿ ಹೊದಿಸಿದ ತಕ್ಷಣ ಅದು ಮೋಸ ಹೋಗಲ್ಲ. ಬೆವರಿ ಸಾಯುತ್ತೆ ಅಷ್ಟೇ, ತೆಗೀರಿ." ತೆಗೆದೆವು. ಹೂವು ಚೆನ್ನಾಗಿಯೇ ಇತ್ತು. ಅತ್ತೆ ಅದನ್ನು ನೋಡಿದ ರೀತಿ ಕಂಡು ಬೈದದ್ದಕ್ಕೆ ನನಗೆ ಬೇಜಾರಾಯಿತು.

ಬಹುಮಾನದ ಕಾರ್ಯಕ್ರಮ ಶುರುವಾಗುವ ಮುಂಚೆ ಹಾಜಿರಾ ಬಂದಳು. ಬಾಗಿಲ ಹತ್ತಿರ ಬಳೆ, ಹೇರ್‌ಪಿನ್ನಿನ ಸಣ್ಣ ಅಂಗಡಿ ಹಾಕಲು ಅವಳಿಗೂ ಜಾಗ ಕೊಟ್ಟಿದ್ದರು. ಸುದ್ದಿ ಕೇಳಿದ್ದೇ ತಡ, ಬಳೆಯ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಇಂದ್ರಮ್ಮನ ಮುಂದೆ ಹೋಗಿ ನಿಂತಳು.

"ವಿಶಾಲಮ್ಮೋರು ನನ್ ಅಂಗ್ಡೀಲಿ ಸೇಫ್ಟಿ ಪಿನ್ ತಗೊಂಡ್ರು ಕಣಮ್ಮ, ಬ್ಯಾರೆ ಏನೂ ಇಲ್ಲ. ಅದೂ ಹೋಗ್ಲಿ, ನನ್ ಅತ್ತರ್ ಹಾಕಿದ್ರೆ ಬೆಳಿಗ್ಗೆ ಹೊತ್ಗೆ ಹೋಗ್ಬುಡ್ತದಾ? ಅಂಗಿಗೆ ಹಾಕಿದ್ದು ಒಗೆದ್ರೂ ಬಿಡದಿಲ್ಲ. ಒಂದೇ ರಾತ್ರಿಗೆ ಹಾರೋ ಮಾಲು ಮಾರ್ತೀನಿ ಅಂತ ನೀವು ಮೈಕಲ್ಲಿ ಹೇಳಿದ್ರೆ ನಾವು ಅಂಗ್ಡಿ ಮುಚ್ಕೊಂಡು ಹೋಗ್ಬೇಕು ಅಷ್ಟೆ."

ಇಂದ್ರಮ್ಮ ತಡವರಿಸಿದರು. ಹಾಜಿರಾಳ ಮಾತಿನಲ್ಲಿ ಹುರುಳಿತ್ತು, ಅದು ಅವರಿಗೂ ಹೊಳೆದಿತ್ತು. ಆದರೆ ಎಲ್ಲರೆದುರು ಆಡಿದ ಮಾತನ್ನು ಅಷ್ಟು ಸುಲಭವಾಗಿ ನುಂಗುವವರಲ್ಲ. "ಅತ್ತರ್ ಅಲ್ದಿದ್ರೆ ಇನ್ನೇನೋ ಹಾಕಿರ್ತಾಳೆ," ಅಂದರು. "ಅವಳ ಹಿತ್ಲಲ್ಲಿದ್ದ ಗುಲಾಬಿ ಪೆಟೂನಿಯಾನ ಬೇಲಿ ಮೇಲಿಂದ ನಾನು ದಿನಾ ನೋಡಿದೀನಿ. ಅದಕ್ಕೆ ವಾಸನೆ ಇರ್ಲಿಲ್ಲ. ಇಲ್ಲದ ತಾಯಿಗೆ ಇರೋ ಮಗು ಹೆಂಗೆ ಹುಟ್ತು? ಅದನ್ನ ಹೇಳ್ಲಿ."

"ಎರಡನೇ ಗಿಡ ಯಾವುದು ಅಂತ ಗೊತ್ತಾದ್ರೆ ನಾನು ಹೇಳ್ತೀನಿ," ಅಂದೆ ನಾನು, ಅತ್ತೆಯ ಕಡೆ ತಿರುಗಿ. ಆ ಹೊತ್ತಿಗೆ ಅತ್ತೆ ಕುಂಡದ ಸಮೇತ ಬಾಗಿಲ ತನಕ ಬಂದಿದ್ದರು. "ಕೆಂಪು ಹೂವು, ಬಿಳಿ ಅಂಚು. ಎಲ್ಲಿಂದ ಬಂತು ಅತ್ತೆ?"

ಅತ್ತೆ ಮಾತಾಡಲಿಲ್ಲ. ಅಲ್ಲಿದ್ದ ಪ್ರತಿಯೊಬ್ಬ ಹೆಂಗಸಿಗೂ ಆ ಮೌನ ಅರ್ಥವಾಯಿತು. ಹೇಳಿದರೆ ಗಿಡ ಹೋಗುತ್ತದೆ, ಹೇಳದಿದ್ದರೆ ಹೆಸರು ಹೋಗುತ್ತದೆ. ಗಿಡ ಹೋಗುವುದಿಲ್ಲ ಅಂತ ನಾನು ಸಾವಿರ ಸಲ ಹೇಳಿದರೂ ಅತ್ತೆಗೆ ಅದು ಹೋಗುವುದೇ. ಅವರು ಹೂವಿಗೊಮ್ಮೆ ಕೈ ತಾಗಿಸಿ, ಕುಂಡವನ್ನು ಎತ್ತಿಕೊಂಡು ನಡೆದು, ವೇದಿಕೆಯ ಮೇಲಿದ್ದ ಮೇಜಿನ ಮೇಲೆ ಇಟ್ಟರು. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಅದು ಇಂದ್ರಕ್ಕನ ಜಗುಲೀದು," ಅಂದರು. "ಅಕ್ಕ ಹಾಸನಕ್ಕೆ ಮದುವೆಗೆ ಹೋಗಿದ್ರು. ನಾನು ಬೇಲಿ ದಾಟಿ ಹೋಗಿ ಒಂದು ಕಡ್ಡಿ ಮುರ್ಕೊಂಡು ಬಂದೆ. ನಾಯಿಗೆ ಅಂತ ರೊಟ್ಟಿ ತಗೊಂಡು ಹೋಗಿದ್ದೆ. ಕದ್ದೀನಿ ಅಂದ್ರೆ ಒಪ್ಕತೀನಿ. ಮೋಸ ಮಾಡೀನಿ ಅಂದ್ರೆ ಒಪ್ಪಲ್ಲ."

ಹಿಂದಿನ ಸಾಲಿನಿಂದ ಗಂಗಾಮಣಿ ಎದ್ದಳು. "ನಾನೂ ಹೇಳ್ಬುಡ್ತೀನಿ ಕಣ್ರೀ. ನನ್ನ ಆ ಬಹುಮಾನದ ಜೆರೇನಿಯಂ ಐತಲ್ಲ, ಅದು ಇದೇ ಹಾಲ್‌ನಿಂದ ಹೋದ ವರ್ಷ ತಗೊಂಡು ಹೋಗಿದ್ದು. ಯಾರ ಕುಂಡ ಅಂತ ಕತ್ಲಲ್ಲಿ ಕಾಣ್ಲಿಲ್ಲ."

"ನಂದು," ಅಂತ ಮುಂದಿನ ಸಾಲಿನಲ್ಲಿ ಒಬ್ಬರು ಎದ್ದರು. "ನಿನ್ ಮನೆ ಹಾಳಾಗ. ಇರ್ಲಿ ಬಿಡು, ನಾನೂ ಅದನ್ನ ಸೋಮವಾರಪೇಟೇಲಿ ನಮ್ ಬೀಗರ ಮನೇಲಿ ಮುರ್ಕೊಂಡಿದ್ದು."

ಅಲ್ಲಿಂದ ಕಟ್ಟೆ ಒಡೆಯಿತು. ಬಿಸಿಲೆಯ ಕಡೆಯ ಒಬ್ಬರು ಆರ್ಕಿಡ್ ಒಂದನ್ನು ಟಿಫನ್ ಕ್ಯಾರಿಯರಿನಲ್ಲಿ ಸಾಗಿಸಿದ ಕಥೆ ಹೇಳಿದರು. ಇನ್ನೊಬ್ಬರು ಸಾವಿನ ಮನೆಯಿಂದ ಫರ್ನ್ ತಂದಿದ್ದರಂತೆ, ಅಳುತ್ತಲೇ. ಮೈಕು ಕೈಯಿಂದ ಕೈಗೆ ಓಡಾಡಿತು. ನಕ್ಕೂ ನಕ್ಕೂ ಹೆಂಗಸರು ಕಣ್ಣೊರೆಸಿಕೊಂಡರು. ಎಷ್ಟೋ ವರ್ಷದಿಂದ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದನ್ನು ಹೊರಗೆ ಹಾಕುವುದರಲ್ಲಿ ಇಷ್ಟು ಸುಖ ಇದೆಯೆಂದು ಅವರಿಗೇ ಗೊತ್ತಿರಲಿಲ್ಲ. ಬಾಗಿಲಲ್ಲಿ ಫಯಾಜ್ ಬಂದು "ಹೊತ್ತಾಯ್ತು ಕಣ್ರಮ್ಮ, ಹೊರಡಾಣ" ಅಂದ. "ತಡಿಯೋ ಮಾರಾಯ" ಅಂತ ಹತ್ತು ದನಿ ಒಟ್ಟಿಗೆ ಅವನನ್ನು ಗದರಿದವು.

ಇಂದ್ರಮ್ಮ ಮಾತ್ರ ನಗಲಿಲ್ಲ. ವೇದಿಕೆಯ ಮೇಲೆ ಕುಂಡದ ಪಕ್ಕದ ಕುರ್ಚಿಯಲ್ಲಿ ಬಿಗಿಯಾಗಿ ಕೂತಿದ್ದರು. "ನನ್ ಗಿಡಕ್ಕೂ ವಾಸನೆ ಇಲ್ವಲ್ಲ," ಅಂದರು ನನಗೆ. "ಎರಡು ಇಲ್ಲ ಸೇರಿ ಒಂದು ಇದೆ ಹೆಂಗಾಯ್ತು?"

ನಾನು ಅವರ ಪಕ್ಕ ಕೂತೆ. ಈ ಸಲ ಕೂಗಾಡಲಿಲ್ಲ. "ಕಾಫಿ ಹಣ್ಣನ್ನ ಕೊಯ್ದರೆ ಸಾಕಾ? ಪಲ್ಪರ್‌ನಲ್ಲಿ ಸಿಪ್ಪೆ ಬಿಡಿಸಬೇಕು, ಆಮೇಲೆ ಕಣದಲ್ಲಿ ಒಣಗಿಸಬೇಕು. ಪರಿಮಳಾನೂ ಹಾಗೇನೇ, ಮೆಟ್ಟಿಲು ಮೆಟ್ಟಿಲಾಗಿ ತಯಾರಾಗುತ್ತೆ. ಒಂದೊಂದು ಕೆಲಸಕ್ಕೆ ಒಂದೊಂದು ಜೀನ್. ವಿಶಾಲತ್ತೆ ಗಿಡದಲ್ಲಿ ಪಲ್ಪರ್ ಕೆಟ್ಟಿತ್ತು, ಕಣ ಚೆನ್ನಾಗಿತ್ತು ಅಂತಿಟ್ಟುಕೊಳ್ಳಿ. ನಿಮ್ಮ ಗಿಡದಲ್ಲಿ ಪಲ್ಪರ್ ಚೆನ್ನಾಗಿತ್ತು, ಕಣ ಇರಲಿಲ್ಲ."

"ನಮ್ದು ಸಿಮೆಂಟ್ ಕಣ," ಅಂದರು ಇಂದ್ರಮ್ಮ.

"ಗಿಡದ ಮಾತು ಅತ್ತೆ. ಎರಡು ತೋಟದಿಂದಲೂ ಒಂದು ಮೂಟೆ ಮಾಲು ಆಚೆ ಬರಲಿಲ್ಲ. ಮಗುವಿಗೆ ಆ ಕಡೆಯ ಕಣಾನೂ ಸಿಕ್ಕಿತು, ಈ ಕಡೆಯ ಪಲ್ಪರೂ ಸಿಕ್ಕಿತು. ಬರೀ ನಿಮ್ಮದಾಗಿದ್ರೂ ಆಗ್ತಿರಲಿಲ್ಲ, ಬರೀ ಅವರದ್ದಾಗಿದ್ರೂ ಆಗ್ತಿರಲಿಲ್ಲ."

ಹೊರಗೆ ಬಿಸಿಲು ಹೋಗಿ ಕಿಟಕಿಗಳು ಮಸುಕಾಗಿದ್ದವು. ಯಾರೋ ಟ್ಯೂಬ್‌ಲೈಟ್ ಹಾಕಿದರು. ಮೈಕಿನಲ್ಲಿ ದಾಸವಾಳದ ಕಳ್ಳತನ ಒಂದು ಇನ್ನೂ ನಡೆದಿತ್ತು. ನನ್ನ ಮೂಗಿಗಿಂತ ಮುಂಚೆ ಇಂದ್ರಮ್ಮನ ಮುಖಕ್ಕೆ ಗೊತ್ತಾಯಿತು. ಅವರು ಮಾತು ಕೇಳುವುದನ್ನು ಬಿಟ್ಟು ಕತ್ತನ್ನು ನಿಧಾನವಾಗಿ ಕುಂಡದ ಕಡೆ ತಿರುಗಿಸಿದರು. ಬಗ್ಗಿದರು. ಕಣ್ಣು ಮುಚ್ಚಿದರು. ಆಗ ನನಗೂ ಬಂತು, ತೆಳ್ಳಗೆ ಲವಂಗ, ಅದರ ಹಿಂದೆ ಸಿಹಿಯಾದದ್ದೇನೋ. ನಾಲ್ಕು ವರ್ಷ ಪ್ರಯೋಗಾಲಯದ ಸೀಸೆಗಳಲ್ಲಿ ಬಿಡಿಬಿಡಿಯಾಗಿ ಮೂಸಿದ್ದೆಲ್ಲ ಒಂದೇ ಹೂವಿನಿಂದ ಒಟ್ಟಿಗೆ ಎದ್ದುಬಂತು. ನನಗೆ ಕುಣಿಯಬೇಕು ಅನ್ನಿಸಿತು.

ಪಾರ್ವತಮ್ಮ ಮೇಡಂ ತಾವಾಗೇ ಎದ್ದು ಬಂದರು. ಕನ್ನಡಕ ತೆಗೆದು ಮೂಗಿಟ್ಟರು. ಎತ್ತಲು ಮನಸ್ಸಾಗದೆ ಹಾಗೇ ನಿಂತರು. ಅವರ ಹಿಂದೆ ಹಾಜಿರಾ, ಅವಳ ಹಿಂದೆ ಗಂಗಾಮಣಿ, ಆಮೇಲೆ ಒಂದು ಸಾಲೇ ಆಯಿತು. ಅತ್ತೆ ಮಾತ್ರ ಮೂಲೆಯಲ್ಲಿ ನಿಂತೇ ಇದ್ದರು. ಮೂಸಲು ಬರಲಿಲ್ಲ. ಅವರು ನೋಡುತ್ತಿದ್ದದ್ದು ಹೂವನ್ನಲ್ಲ, ಓರಗಿತ್ತಿಯನ್ನು.

ಇಂದ್ರಮ್ಮ ಎದ್ದು ಮೈಕು ಇಸಿದುಕೊಂಡರು. "ವಿಶಾಲು ನನ್ ಗಿಡ ಕದ್ದಿದ್ದು ನಿಜ," ಅಂದರು. "ಮೋಸ ಮಾಡಿದ್ಲು ಅಂತ ನಾನಂದಿದ್ದು ತಪ್ಪು. ಎಲ್ಲರ ಮುಂದೆ ಅಂದಿದ್ದೆ, ಎಲ್ಲರ ಮುಂದೆ ವಾಪಸ್ ತಗೋತಾ ಇದೀನಿ. ಕೇಳಿಸ್ತಾ ಎಲ್ರಿಗೂ?"

ಹೊಸ ಗಿಡದ ಬಹುಮಾನ ಬೆಳಗಿನ ತೀರ್ಪಿನಲ್ಲೇ ಒಂದು ಕ್ರೋಟನ್ನಿಗೆ ಹೋಗಿಬಿಟ್ಟಿತ್ತು. ಕ್ರೋಟನ್ನಿನ ಒಡತಿ ತಮ್ಮ ಬಹುಮಾನದ ಲೋಟವನ್ನು ಕೊಡಲು ಬಂದರೆ ಅತ್ತೆ ಬೇಡವೇ ಬೇಡ ಅಂದರು. ನಾನಾಗಿದ್ದರೆ ತೆಗೆದುಕೊಳ್ಳುತ್ತಿದ್ದೆ.

ಜೀಪುಗಳು ಕತ್ತಲಲ್ಲೇ ಸಾಲಾಗಿ ಹೊರಟವು. ಫಯಾಜ್ ಗೊಣಗುತ್ತ, ಹಾರ್ನ್ ಮಾಡುತ್ತ ಏರು ಹತ್ತಿಸಿದ. ಇಂದ್ರಮ್ಮ ತಮ್ಮ ಜೀಪು ಬಿಟ್ಟು ನಮ್ಮ ಜೀಪಿಗೆ ಹತ್ತಿದ್ದರು, ಕುಂಡವನ್ನು ತಮ್ಮ ಮಡಿಲಲ್ಲೇ ಇಟ್ಟುಕೊಂಡಿದ್ದರು. ಹೊತ್ತು ಹೋದಂತೆ ಪರಿಮಳ ಜಾಸ್ತಿಯಾಗಿ, ಡೀಸೆಲ್ ವಾಸನೆಯೂ ಅಡಗಿಹೋಯಿತು. ಅಂಥ ಜೀಪಿನಲ್ಲಿ ನಾನು ಮತ್ತೆಂದೂ ಕೂತಿಲ್ಲ.

"ಅಕ್ಕ, ನಿಮ್ ಗೇಟ್ ಬಂತು," ಅಂದರು ಅತ್ತೆ.

ಫಯಾಜ್ ನಿಧಾನ ಮಾಡಿದ. ಇಂದ್ರಮ್ಮ ಇಳಿಯಲಿಲ್ಲ. "ಮುಂದೆ ನಡಿಯಪ್ಪ," ಅಂದರು. "ವಿಶಾಲು ಮನೇಲಿ 'ಬಾ ಅಕ್ಕ' ಅಂತ ಕರೆದ್ರೆ ಕಾಫಿ ಕುಡ್ದು ಹೋಗ್ತೀನಿ."

ಅತ್ತೆ ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಈಗ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಕರೆಯುವ ಬದಲು ಇನ್ನೊಂದು ಕೈ ಚಾಚಿ ಇಂದ್ರಮ್ಮನ ಮೊಣಕೈ ಹಿಡಿದುಕೊಂಡರು. ಮನೆ ಮುಟ್ಟುವ ತನಕ ಬಿಡಲಿಲ್ಲ.